ಪಂಚಾಯತಿ ರೊಕ್ಕ, ನಮ್ಮ ಲೆಕ್ಕ

ಅಕ್ಕಂದಿರೇ, ತಾಯಂದಿರೇ,

ಸಂತಿಯ ಲೆಕ್ಕವನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಸಂತಿಗೆ ಹೋಗುವವರ ಕೈಯಲ್ಲಿ ಐದು ನೂರು ರೂಪಾಯಿ ಕೊಡುತ್ತೀರಿ. ಎಣ್ಣಿ ಇಷ್ಟು, ಬ್ಯಾಳಿ ಇಷ್ಟು, ಉಳ್ಳಾಗಡ್ಡಿ ಇಷ್ಟು ಎಂದು ಹೇಳಿ ಕಳಿಸುತ್ತೀರಿ. ಅವರು ತಿರುಗಿ ಬಂದಾಗ ಚೀಲ ಬಿಚ್ಚಿ ನೋಡುತ್ತೀರಿ. ಎಣ್ಣಿ ಇಲ್ಲ. "ಎಣ್ಣಿ ಎಲ್ಲಿ? ರೊಕ್ಕ ಎಲ್ಲಿ ಹೋತು?" ಎಂದು ಕೇಳುತ್ತೀರಿ. ಹಾಗೆ ಕೇಳಲು ನೀವು ಅಂಜುವುದಿಲ್ಲ. ರೊಕ್ಕ ನಿಮ್ಮ ಮನೆಯದು. ಏನು ತರಬೇಕು ಅಂತ ಹೇಳಿದವರೂ ನೀವೇ.

ಗ್ರಾಮ ಪಂಚಾಯತಿಯ ರೊಕ್ಕವೂ ನಿಮ್ಮದೇ. ಅಲ್ಲಿಯೂ ವರ್ಷಕ್ಕೊಮ್ಮೆ ಚೀಟಿ ಬರೆಯುತ್ತಾರೆ. ಗಟಾರಕ್ಕೆ ಇಷ್ಟು, ನೀರಿಗೆ ಇಷ್ಟು, ಬೀದಿ ದೀಪಕ್ಕೆ ಇಷ್ಟು. ಈ ಚೀಟಿಗೆ ಬಜೆಟ್ ಎನ್ನುತ್ತಾರೆ. ಸರಕಾರದ ಕಾಗದದಲ್ಲಿ ‘ಆಯವ್ಯಯ’ ಎಂದು ಬರೆದಿರುತ್ತದೆ. ಆಯ ಎಂದರೆ ಬರುವ ಹಣ. ವ್ಯಯ ಎಂದರೆ ಖರ್ಚಾಗುವ ಹಣ. ಇಷ್ಟೇ ಅದರ ಅರ್ಥ. ಆದರೆ ವರ್ಷ ಮುಗಿದ ಮೇಲೆ ಪಂಚಾಯತಿಯ ಚೀಲ ಬಿಚ್ಚಿ ನೋಡುವವರು ಕಡಿಮೆ. ಹೆಂಗಸರಂತೂ ಬಹಳ ಕಡಿಮೆ.

ಯಾಕೆ? "ನಮಗ ಓದಾಕ ಬರತಿರಲಿಲ್ಲರೀ" ಎಂದು ನೀವು ಹೇಳಬಹುದು. ಈಗ ಬರುತ್ತದೆಯಲ್ಲ!

ಲೆಕ್ಕ ಕೇಳಿದ ನೆಲ ಇದು

ಕೊಟ್ಟ ಮಾತಿನ ಲೆಕ್ಕ ಕೇಳುವುದು ನಮ್ಮ ಚಿಕ್ಕನರಗುಂದಕ್ಕೆ ಹೊಸದಲ್ಲ. ನಿಮ್ಮಲ್ಲಿ ವಯಸ್ಸಾದವರಿಗೆ 1980ನೇ ಇಸವಿ ನೆನಪಿರಬೇಕು.

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಕಟ್ಟಿದ್ದರು. ಕಾಲುವೆ ತೋಡಿದ್ದರು. ನೀರಾವರಿ ಬಂದರೆ ಹೊಲದ ಬೆಲೆ ಏರುತ್ತದೆ, ಅದಕ್ಕೆ ಕರ ಕೊಡಿರಿ ಎಂದು ಸರಕಾರ ಕೇಳಿತು. ಈ ಕರಕ್ಕೆ ‘ಬೆಟರ್‌ಮೆಂಟ್ ಲೆವಿ’ ಎಂದು ಹೆಸರು. ನೀರಿನ ಕರವನ್ನೂ ಕೇಳಿತು. ಆದರೆ ಎಷ್ಟೋ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. ಕರದ ನೋಟೀಸು ಮಾತ್ರ ಮನೆಗೆ ಮುಟ್ಟಿತ್ತು. "ಕರ ಕೇಳತೀರಿ, ನೀರೆಲ್ಲಿ?" ಎಂಬುದೇ ರೈತರ ಪ್ರಶ್ನೆ.

1980ರ ಜುಲೈ 21ರಂದು ನರಗುಂದದಲ್ಲಿ ರೈತರು ಸಾವಿರಾರು ಸಂಖ್ಯೆಯಲ್ಲಿ ಸೇರಿದರು. ಗದ್ದಲವಾಯಿತು. ಗೋಲಿಬಾರ್ ಆಯಿತು. ನಮ್ಮ ಚಿಕ್ಕನರಗುಂದದ ರೈತ ಈರಪ್ಪ ಕಡ್ಲಿಕೊಪ್ಪ ಅಂದು ಜೀವ ಕಳೆದುಕೊಂಡರು. ಪಕ್ಕದ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ತೀರಿಕೊಂಡರು. ಪೊಲೀಸ್ ಸಿಬ್ಬಂದಿಯೂ ಸತ್ತರು. ಅವರ ಮನೆಯಲ್ಲೂ ಹೆಂಡಿರು ಮಕ್ಕಳು ಇದ್ದರು. ಇಂದಿಗೂ ಪ್ರತಿ ವರ್ಷ ಜುಲೈ 21ರಂದು ನರಗುಂದದಲ್ಲಿ ರೈತ ಹುತಾತ್ಮರ ದಿನ ಆಚರಿಸುತ್ತಾರೆ.

ಅಂದಿನ ಪ್ರಶ್ನೆ ದೊಡ್ಡದು. ಅಣೆಕಟ್ಟು, ಕಾಲುವೆ, ಕರ ಎಲ್ಲವೂ ಬೆಂಗಳೂರಿನ ಕೈಯಲ್ಲಿ ಇದ್ದವು. ಗಟಾರ, ನಳ, ಬೀದಿ ದೀಪ ಹಾಗಲ್ಲ. ಇವುಗಳ ರೊಕ್ಕ ಊರಿನ ಪಂಚಾಯತಿಗೆ ಬರುತ್ತದೆ. ಇವುಗಳ ಪುಸ್ತಕವೂ ಊರಿನಲ್ಲಿಯೇ ಇರುತ್ತದೆ. ಯಾರ ರಕ್ತವೂ ಹರಿಯದಂತೆ, ಕಾಗದ ಹಿಡಿದು ಕೇಳುವ ದಾರಿಯನ್ನು ಈಗ ಕಾಯ್ದೆಯೇ ಕೊಟ್ಟಿದೆ. 1993ರಲ್ಲಿ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂತು. 2010ರಲ್ಲಿ ಅದನ್ನು ತಿದ್ದಿ ಪಂಚಾಯತಿಯ ಅರ್ಧದಷ್ಟು ಸ್ಥಾನಗಳನ್ನು ಹೆಂಗಸರಿಗೆ ಮೀಸಲು ಮಾಡಿದರು. ಕುರ್ಚಿಯ ಮೇಲೆ ಗಂಡ ಕೂತು ಹೆಂಡತಿ ಬರೀ ಸಹಿ ಮಾಡುವ ಊರುಗಳೂ ಇವೆ, ಅದು ನಮಗೂ ಗೊತ್ತು. ಆ ಮಾತು ಮುಂದೆ ಬರುತ್ತದೆ.

"ಮಾಡೂಣು" ಅಂದರೆ ಆಯಿತೇ?

ಈಗ ಮುಖ್ಯವಾದ ಸಂಗತಿಗೆ ಬರೋಣ. ಬಹಳ ಜನ ಮೋಸ ಹೋಗುವುದು ಇಲ್ಲಿಯೇ.

ಗ್ರಾಮಸಭೆ ನಡೆದಿದೆ ಎಂದುಕೊಳ್ಳಿರಿ. ಒಬ್ಬ ತಾಯಿ ಎದ್ದು ನಿಲ್ಲುತ್ತಾಳೆ. "ನಮ್ಮ ಓಣ್ಯಾಗ ಗಟಾರ ಇಲ್ಲರೀ. ಮಳಿ ಬಂದ್ರ ಹೊಲಸ ನೀರು ಪಡಸಾಲಿಗೆ ಬರತೈತಿ. ಹುಡುಗರಿಗೆ ಜ್ವರ ಬಿಡವಲ್ಲವು" ಎನ್ನುತ್ತಾಳೆ. ಮುಂದೆ ಕುಳಿತವರು "ಆತವ್ವಾ, ಮಾಡೂಣು ಕುಂದರು" ಎನ್ನುತ್ತಾರೆ. ತಾಯಿ ಸಮಾಧಾನದಿಂದ ಮನೆಗೆ ಹೋಗುತ್ತಾಳೆ. ವರ್ಷ ಕಳೆಯುತ್ತದೆ. ಗಟಾರ ಆಗುವುದಿಲ್ಲ. ಮತ್ತೆ ಕೇಳಿದರೆ, "ಯಾವಾಗ ಹೇಳಿದ್ದೀ? ಎಲ್ಲಿ ಬರದೈತಿ?" ಎನ್ನುತ್ತಾರೆ.

ತಾಯಿಯ ಹತ್ತಿರ ಉತ್ತರ ಇಲ್ಲ. ಯಾಕೆಂದರೆ "ಮಾಡೂಣು" ಎಂಬುದು ಬರೀ ಮಾತು. ಅದಕ್ಕೆ ಕಾಲೂ ಇಲ್ಲ, ಕೈಯೂ ಇಲ್ಲ. ಆ ಮಾತು ಗಟಾರ ಆಗಬೇಕಾದರೆ ನಾಲ್ಕು ಕಡೆ ಬರವಣಿಗೆಗೆ ಇಳಿಯಬೇಕು.

ಮೊದಲನೆಯದು ಸಭೆಯ ನಡಾವಳಿ ಪುಸ್ತಕ. ಸಭೆಯಲ್ಲಿ ಆದ ತೀರ್ಮಾನವನ್ನು ಇದರಲ್ಲಿ ಬರೆಯುತ್ತಾರೆ. ನಮ್ಮ ಕಡೆ ಇದಕ್ಕೆ ಠರಾವು ಎನ್ನುತ್ತೇವೆ. ಪ್ರತಿ ಠರಾವಿಗೂ ಒಂದು ನಂಬರ ಇರುತ್ತದೆ. ತಾರೀಖು ಇರುತ್ತದೆ. ಆ ನಂಬರವನ್ನು ನಿಮ್ಮ ಪಾಟಿಯ ಮೇಲಾದರೂ ಬರೆದುಕೊಳ್ಳಿರಿ. ಮುಂದಿನ ಎಲ್ಲ ಪ್ರಶ್ನೆಗೂ ಅದೇ ಕೀಲಿಕೈ.

ಎರಡನೆಯದು ಕ್ರಿಯಾ ಯೋಜನೆ. ಬಂದ ಎಲ್ಲ ಬೇಡಿಕೆಗಳಲ್ಲಿ ಈ ವರ್ಷ ಯಾವ ಯಾವ ಕೆಲಸ ಮಾಡುತ್ತೇವೆ ಎಂಬ ಪಟ್ಟಿ ಇದು. ಮೂರನೆಯದು ಬಜೆಟ್. ಅದರಲ್ಲಿ ರೊಕ್ಕ ತೆಗೆದಿಡುತ್ತಾರೆ. ನಾಲ್ಕನೆಯದು ಎಸ್ಟಿಮೇಟ್. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಸಿಮೆಂಟು ಎಂಬುದನ್ನು ಎಂಜಿನಿಯರ್ ಇದರಲ್ಲಿ ಬರೆದಿರುತ್ತಾರೆ.

ನಿಮ್ಮ ಗಟಾರ ಠರಾವಿನಲ್ಲಿ ಇದ್ದು ಕ್ರಿಯಾ ಯೋಜನೆಯಲ್ಲಿ ಇಲ್ಲದಿದ್ದರೆ ಅದು ಇನ್ನೂ ಬೇಡಿಕೆಯಷ್ಟೇ. ಪಂಚಾಯತಿಯವರು "ಈ ವರ್ಷ ರೊಕ್ಕ ಸಾಲದು" ಎಂದು ಹೇಳಬಹುದು. ಅದು ನಿಜವೂ ಇರಬಹುದು. ಹತ್ತು ಓಣಿಗಳಿದ್ದು ಎರಡು ಗಟಾರಕ್ಕೆ ಸಾಲುವಷ್ಟು ಹಣ ಬಂದರೆ ಎಂಟು ಓಣಿಯವರು ಕಾಯಲೇಬೇಕು. ಇದಕ್ಕೆ ಸಿಟ್ಟು ಮಾಡುವುದು ಸರಿಯಲ್ಲ ಎಂದು ನಮಗೆ ಅನ್ನಿಸುತ್ತದೆ. ಯಾವ ಎರಡು ಓಣಿ ಮೊದಲು, ಯಾಕೆ ಮೊದಲು ಎಂದು ಮಾತ್ರ ಕೇಳಲೇಬೇಕು. ಸದಸ್ಯರ ಮನೆಯ ಮುಂದಿನ ಓಣಿಯೇ ಪ್ರತಿ ಸಲ ಮೊದಲು ಬಂದರೆ ಇನ್ನೂ ಗಟ್ಟಿಯಾಗಿ ಕೇಳಬೇಕು.

ಆದರೆ ಬಜೆಟ್ಟಿನಲ್ಲಿ ಬರೆದು, ರೊಕ್ಕ ತೆಗೆದಿಟ್ಟು, ಕೆಲಸ ಮಾಡದಿದ್ದರೆ? ಅದು ಬೇರೆ ಮಾತು. ಅದು ಬೇಡಿಕೆ ಅಲ್ಲ. ಪಂಚಾಯತಿಯೇ ತಾನಾಗಿ ಒಪ್ಪಿಕೊಂಡು ಬರೆದದ್ದು. ಅದಕ್ಕೆ ಉತ್ತರ ಕೊಡಲೇಬೇಕು.

ರೊಕ್ಕ ಎಲ್ಲಿಂದ ಬರುತ್ತದೆ?

ನೀವು ಮನೆ ಕರ ಕಟ್ಟುತ್ತೀರಿ. ನೀರಿನ ಕರ ಕಟ್ಟುತ್ತೀರಿ. ಅಂಗಡಿಯವರು ಪರವಾನಗಿಗೆ ಕಟ್ಟುತ್ತಾರೆ. ಇದು ಪಂಚಾಯತಿಯ ಸ್ವಂತ ಹಣ. ಕರ ಕಟ್ಟಿದಾಗ ಪಾವತಿ ಕೇಳಿ ತೆಗೆದುಕೊಳ್ಳಿರಿ. ಪಾವತಿ ಇಲ್ಲದ ರೊಕ್ಕ ಪುಸ್ತಕ ಸೇರಿತೋ ಕಿಸೆ ಸೇರಿತೋ ಹೇಳುವವರು ಯಾರು?

ಇದರ ಜೊತೆಗೆ ರಾಜ್ಯ ಸರಕಾರದ ಅನುದಾನ ಬರುತ್ತದೆ. ದಿಲ್ಲಿಯಿಂದ ಹಣಕಾಸು ಆಯೋಗದ ಹಣವೂ ಬರುತ್ತದೆ. ಈ ಹಣದಲ್ಲಿ ಒಂದಿಷ್ಟು ಭಾಗಕ್ಕೆ ಮೊದಲೇ ಗೂಟ ಬಡಿದಿರುತ್ತಾರೆ. ಉದಾಹರಣೆಗೆ 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಕ್ಕೆ ಹೀಗೆ ಹೇಳಿತ್ತು: ಪ್ರತಿ 100 ರೂಪಾಯಿಯಲ್ಲಿ 30 ರೂಪಾಯಿ ಕುಡಿಯುವ ನೀರಿಗೆ, 30 ರೂಪಾಯಿ ನೈರ್ಮಲ್ಯಕ್ಕೆ. ಉಳಿದ 40 ರೂಪಾಯಿ ಊರಿನ ಬೇರೆ ಅಗತ್ಯಕ್ಕೆ. ನೈರ್ಮಲ್ಯ ಎಂದರೆ ಸ್ವಚ್ಛತೆ. ಕಸ, ಪಾಯಖಾನೆ, ಹೊಲಸು ನೀರಿನ ವಿಲೇವಾರಿ.

ನೋಡಿದಿರಾ? ನೀರು ಮತ್ತು ಸ್ವಚ್ಛತೆ ಎರಡೂ ಹೆಂಗಸರ ತಲೆಯ ಮೇಲೆ ಇರುವ ಹೊರೆ. ಕೊಡ ಹೊರುವವರು ನೀವು. ಕತ್ತಲಾಗುವ ತನಕ ಬಯಲಿಗೆ ಹೋಗಲು ಕಾದವರು ನೀವು. ಆ 60 ರೂಪಾಯಿ ಎಲ್ಲಿ ಹೋಯಿತು ಎಂದು ಕೇಳಲು ನಿಮಗಿಂತ ಹೆಚ್ಚು ಹಕ್ಕಿನವರು ಯಾರಿದ್ದಾರೆ?

ಯಾವಾಗ ಕೇಳಬೇಕು?

ಬಿತ್ತುವ ಹೊತ್ತಿಗೆ ಬಿತ್ತಬೇಕು. ಹಿಂಗಾರಿ ಬಿತ್ತಿಗೆ ಕಳೆದ ಮೇಲೆ ಕಡ್ಲಿ ಬಿತ್ತಿದರೆ ಏನು ಫಲ? ಪಂಚಾಯತಿಗೂ ಹಂಗಾಮು ಇದೆ.

ಸರಕಾರದ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ವರ್ಷದ ಬಜೆಟ್ಟನ್ನು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮಂಜೂರು ಮಾಡುತ್ತಾರೆ. ಅಂದರೆ ನಿಮ್ಮ ಬೇಡಿಕೆ ಅದಕ್ಕಿಂತ ಮೊದಲೇ ಪುಸ್ತಕ ಸೇರಿರಬೇಕು. ಯುಗಾದಿ ಮುಗಿಸಿಕೊಂಡು ಹೋದರೆ ಹೊತ್ತು ಮೀರಿರುತ್ತದೆ.

ಬೇಡಿಕೆ ಹೇಳುವ ಮೊದಲ ಜಾಗ ವಾರ್ಡ ಸಭೆ. ನಿಮ್ಮ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಹೌದು, ನೀವೂ ಸದಸ್ಯರೇ. ನಂತರ ಇಡೀ ಪಂಚಾಯತಿಯ ಗ್ರಾಮಸಭೆ. ಎರಡೂ ಸಭೆಗಳನ್ನು ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಬೇಕು. ಬಂದವರಲ್ಲಿ 100ಕ್ಕೆ 30 ಜನರಾದರೂ ಹೆಂಗಸರು ಇರಬೇಕು ಎಂದು ಕಾಯ್ದೆ ಹೇಳುತ್ತದೆ. "ಗಂಡಸರು ಹೋಗ್ಯಾರಲ್ಲ, ನಾವ್ಯಾಕ?" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮಹಿಳಾ ಗ್ರಾಮಸಭೆ ಎಂದು ಬೇರೆ ಸಭೆಯನ್ನೂ ಮಾಡುತ್ತಾರೆ. ಗಂಡಸರ ಮುಂದೆ ಬಾಯಿ ಬಿಡಲು ಸಂಕೋಚ ಇದ್ದವರಿಗೆ ಅದು ಒಳ್ಳೆಯ ಜಾಗ.

ಗ್ರಾಮಸಭೆಯಲ್ಲಿ ಹೊಸ ಬೇಡಿಕೆ ಹೇಳುವುದಕ್ಕಿಂತ ಮೊದಲು ಒಂದು ಕೆಲಸ ಮಾಡಿರಿ. "ಹಿಂದಿನ ಸಭೆಯ ಠರಾವು ಓದ್ರಿ. ಯಾವುದು ಆತು, ಯಾವುದು ಉಳೀತು, ಯಾಕ ಉಳೀತು ಹೇಳ್ರಿ" ಎಂದು ಕೇಳಿರಿ. ಹಿಂದಿನ ತೀರ್ಮಾನ ಏನಾಯಿತು ಎಂದು ತಿಳಿಯುವ ಹಕ್ಕು ಗ್ರಾಮಸಭೆಗೆ ಇದೆ. ವರ್ಷದ ಲೆಕ್ಕಪತ್ರ ಮತ್ತು ಆಡಿಟ್ ವರದಿಯನ್ನೂ ಅಲ್ಲಿ ಇಡಬೇಕು. ಈ ಒಂದು ಪ್ರಶ್ನೆಯಿಂದ ಸಭೆಯ ಬಣ್ಣವೇ ಬದಲಾಗುತ್ತದೆ. ಹೊಸ ಬೇಡಿಕೆಗೆ "ಮಾಡೂಣು" ಎನ್ನುವುದು ಸುಲಭ. ಹಳೆಯ ಠರಾವಿಗೆ ಉತ್ತರ ಹೇಳುವುದು ಕಷ್ಟ.

ಓದಿ ಹೇಳಿದ ಊರು

ಬಹಳ ದೂರದ ಒಂದು ಕಥೆ ಹೇಳುತ್ತೇವೆ. ಕಥೆ ಅಂದರೂ ಇದು ನಡೆದದ್ದೇ.

ರಾಜಸ್ಥಾನದಲ್ಲಿ ಬರಗಾಲ ಹೆಚ್ಚು. ಬರಗಾಲದ ಕಾಮಗಾರಿಯಲ್ಲಿ ಹೆಂಗಸರು ಮಣ್ಣು ಹೊರುತ್ತಿದ್ದರು. ದಿನವಿಡೀ ದುಡಿದರೂ ಸರಕಾರ ಗೊತ್ತು ಮಾಡಿದ ಕೂಲಿ ಪೂರ್ತಿ ಸಿಗುತ್ತಿರಲಿಲ್ಲ. ಕೇಳಿದರೆ "ನೀವು ಅಷ್ಟೇ ಕೆಲಸ ಮಾಡೀರಿ, ಪುಸ್ತಕದಾಗ ಹಂಗ ಐತಿ" ಎಂಬ ಉತ್ತರ. ಹಾಗಾದರೆ ಪುಸ್ತಕ ತೋರಿಸಿರಿ ಎಂದರೆ, "ಅದು ಸರಕಾರದ ಗುಟ್ಟು" ಎನ್ನುತ್ತಿದ್ದರು.

1990ರಲ್ಲಿ ಅಲ್ಲಿಯ ಕೂಲಿಕಾರರು, ಸಣ್ಣ ರೈತರು ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘ ಕಟ್ಟಿದರು. ಸರಕಾರದ ದೊಡ್ಡ ಹುದ್ದೆ ಬಿಟ್ಟು ಬಂದಿದ್ದ ಅರುಣಾ ರಾಯ್ ಎಂಬವರು ಅವರ ಜೊತೆ ಇದ್ದರು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬ ಊರಿನಲ್ಲಿ ಅವರು ಒಂದು ಸಭೆ ಕರೆದರು. ಅದಕ್ಕೆ ಜನ ಸುನವಾಯಿ ಎಂದು ಹೆಸರು. ಜನರ ಮುಂದೆ ವಿಚಾರಣೆ ಎಂದರ್ಥ.

ಅಲ್ಲಿ ಮಾಡಿದ್ದು ಇಷ್ಟೇ. ಹೇಗೋ ಸಿಕ್ಕ ಪಂಚಾಯತಿಯ ಕಾಗದಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಹಾಜರಿ ಪಟ್ಟಿ ಓದಿದರು. ಬಿಲ್ಲು ಓದಿದರು. ಕೇಳುತ್ತಿದ್ದವರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತಮ್ಮ ಹೆಸರು ಕಿವಿಗೆ ಬಿದ್ದ ಕೂಡಲೇ "ಅಯ್ಯ, ನಾನು ಆ ಕೆಲಸಕ್ಕ ಹೋಗೇ ಇಲ್ಲ!" ಎಂದು ಎದ್ದು ನಿಂತರು. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಕೂಲಿ ಬರೆದಿತ್ತು. ಇಂಥ ಸಭೆಗಳು ಮುಂದೆ ಬೇರೆ ಊರುಗಳಲ್ಲೂ ನಡೆದವು. "ನಮ್ಮ ರೊಕ್ಕ, ನಮ್ಮ ಲೆಕ್ಕ" ಎಂಬುದು ಅವರ ಘೋಷಣೆ. ನಮ್ಮ ಪಾಠದ ಹೆಸರೂ ಅದರಿಂದಲೇ ಬಂದದ್ದು.

1996ರಲ್ಲಿ ಬ್ಯಾವರ್ ಎಂಬ ಪಟ್ಟಣದಲ್ಲಿ ಅವರು 40 ದಿನ ಧರಣಿ ಕುಳಿತರು. ಕಾಗದ ನೋಡುವ ಹಕ್ಕು ಬೇಕು ಎಂಬುದೊಂದೇ ಬೇಡಿಕೆ. ಆ ಕೂಗು ದೇಶಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲಿ 2000ದಲ್ಲಿಯೇ ಮಾಹಿತಿ ಹಕ್ಕಿನ ಒಂದು ಕಾಯ್ದೆ ಆಯಿತು. 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬಂತು. ಮಣ್ಣು ಹೊರುವ ಹೆಂಗಸರು ಕೇಳಿದ ಒಂದು ಪ್ರಶ್ನೆ ಕಾಯ್ದೆಯಾಗಿ ನಿಮ್ಮ ಮನೆ ಬಾಗಿಲಿಗೆ ಬಂದಿದೆ.

ಈ ಕಥೆಯಲ್ಲಿ ನಮಗೆ ಬಹಳ ಹಿಡಿಸಿದ್ದು ಒಂದು ಸಂಗತಿ. ಊರವರೆಲ್ಲ ಓದು ಬಲ್ಲವರಾಗುವ ತನಕ ಅವರು ಕಾಯಲಿಲ್ಲ. ಓದುವವರು ಒಬ್ಬರು ಸಿಕ್ಕರೂ ಸಾಕಾಯಿತು. ನಿಮ್ಮ ಕಲಿಕಾ ಕೇಂದ್ರದಲ್ಲಿ ಹತ್ತು ಮಂದಿ ಇದ್ದೀರಿ.

ಹಗ್ಗ ಹಿಡಿದು ಲೆಕ್ಕ

ಬನ್ನಿರಿ, ಒಂದು ಲೆಕ್ಕ ಮಾಡೋಣ. ಇದು ಕಲಿಯಲಿಕ್ಕೆ ನಾವು ಮಾಡಿಕೊಂಡ ಉದಾಹರಣೆ, ಯಾವ ಊರಿನದೂ ಅಲ್ಲ.

ಪಂಚಾಯತಿಯ ಕಾಗದದಲ್ಲಿ ಹೀಗೆ ಇದೆ: ‘ಗುಡಿಯ ಓಣಿ ಗಟಾರ, ಉದ್ದ 60 ಮೀಟರ್, ಮೊತ್ತ 2,40,000 ರೂಪಾಯಿ. ಕಾಮಗಾರಿ ಪೂರ್ಣ.’

ಮೊದಲು 1 ಮೀಟರಿಗೆ ಎಷ್ಟಾಯಿತು ನೋಡಿರಿ. 2,40,000ವನ್ನು 60ರಿಂದ ಭಾಗಿಸಿದರೆ 4,000. ಅಂದರೆ ಪ್ರತಿ ಮೀಟರಿಗೆ 4,000 ರೂಪಾಯಿ.

ಈಗ ಒಂದು ಹಗ್ಗ ತೆಗೆದುಕೊಳ್ಳಿರಿ. ಅಂಗಡಿಯ ಮೀಟರ ಪಟ್ಟಿಯಿಂದ 10 ಮೀಟರ್ ಅಳೆದು ಹಗ್ಗಕ್ಕೆ ಗಂಟು ಹಾಕಿರಿ. ಮೊಳದ ಲೆಕ್ಕ ಬೇಕಾದರೆ 1 ಮೀಟರ್ ಎಂದರೆ ಎರಡು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಇಬ್ಬರು ಹೆಂಗಸರು ಹಗ್ಗ ಹಿಡಿದು ಗಟಾರದ ಉದ್ದಕ್ಕೂ ನಡೆಯಿರಿ. ನಾಲ್ಕು ಹಗ್ಗ ಆಯಿತು, ಮೇಲೆ 2 ಮೀಟರ್. ಒಟ್ಟು 42 ಮೀಟರ್. ಬರೆದದ್ದು 60. ಇರುವುದು 42. ಕಡಿಮೆ ಬಿದ್ದದ್ದು 18 ಮೀಟರ್. 18ನ್ನು 4,000ದಿಂದ ಗುಣಿಸಿರಿ. 72,000 ರೂಪಾಯಿ!

ಈ 72,000 ರೂಪಾಯಿ ಯಾರೋ ತಿಂದರು ಎಂದು ಕೂಡಲೇ ಕೂಗಬೇಡಿರಿ. ಕಡಿಮೆ ಬಿದ್ದದ್ದಕ್ಕೆ ಸರಿಯಾದ ಕಾರಣವೂ ಇರಬಹುದು. ನಡುವೆ ಬಂಡೆ ಬಂದಿರಬಹುದು. ಮೇಲೆ ಕಲ್ಲು ಹಾಸಿಗೆ ಹೊಂದಿಸಿರಬಹುದು. ಆದರೆ ಹಾಗೆ ಬದಲಾಯಿಸಿದ್ದಕ್ಕೂ ಕಾಗದ ಇರಲೇಬೇಕು. ಕೆಲಸವನ್ನು ಅಳೆದು ಬರೆಯುವ ‘ಅಳತೆ ಪುಸ್ತಕ’ ಎಂಬುದು ಇರುತ್ತದೆ. ಎಂಜಿನಿಯರುಗಳು ಅದಕ್ಕೆ ಎಂ.ಬಿ. ಎನ್ನುತ್ತಾರೆ. ಅದರಲ್ಲಿ ಬರೆದ ಅಳತೆಯ ಮೇಲೆಯೇ ಬಿಲ್ಲು ಕೊಡುವುದು. ಆದ್ದರಿಂದ ನಿಮ್ಮ ಹಗ್ಗವನ್ನು ಆ ಪುಸ್ತಕದ ಪಕ್ಕಕ್ಕೆ ಹಿಡಿಯಬೇಕು. ಎರಡೂ ಒಂದೇ ಆದರೆ ಸಂತೋಷ. ಬೇರೆ ಬೇರೆ ಆದರೆ ಪ್ರಶ್ನೆ.

ಅದನ್ನು ಹಿಡಿಯುವ ದಿನ ಜಮಾಬಂದಿ. ಈ ಶಬ್ದ ಹಳೆಯದು. ಹಿಂದೆ ಊರಿನ ಕಂದಾಯದ ಲೆಕ್ಕ ನೋಡಲು ಸಾಹೇಬರು ಬರುತ್ತಿದ್ದರಲ್ಲ, ಅದೇ ಶಬ್ದ. ಈಗ ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಯ ಲೆಕ್ಕವನ್ನು ಜನರ ಮುಂದೆ ನೋಡುವುದಕ್ಕೂ ಜಮಾಬಂದಿ ಎನ್ನುತ್ತಾರೆ. 2004ರಲ್ಲಿ ಇದಕ್ಕೆ ನಿಯಮ ಮಾಡಿದರು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಇದು ನಡೆಯಬೇಕು. ಮೇಲಿನ ಕಚೇರಿಯ ಅಧಿಕಾರಿ ಬರುತ್ತಾರೆ. ಕಿರ್ದಿ, ಪಾವತಿ, ಬಿಲ್ಲು ಎಲ್ಲವನ್ನೂ ಮುಂದಿಡಬೇಕು. ಆದ ಕೆಲಸಗಳನ್ನು ಕಣ್ಣಾರೆ ನೋಡಬೇಕು. ಊರಿನ ಯಾರು ಬೇಕಾದರೂ ಹೋಗಿ ಕೇಳಬಹುದು.

ಕೆಲವು ಕಡೆ ಜಮಾಬಂದಿ ಎಂದರೆ ಒಂದು ಹಾರ, ಒಂದು ಕಪ್ಪು ಚಹಾ, ನಾಲ್ಕು ಸಹಿ, ಅಷ್ಟಕ್ಕೇ ಮುಗಿಯುತ್ತದೆ. ಊರವರು ಹೋಗದಿದ್ದರೆ ಹಾಗೇ ಆಗುವುದು. ಹೆಸರು ರಾಶಿಯ ಹೊತ್ತಿಗೆ ಬರುವ ದಿನವಾದ್ದರಿಂದ ಎಲ್ಲರೂ ಹೊಲದಲ್ಲಿ ಇರುತ್ತೀರಿ, ಅದೂ ನಿಜ. ಓಣಿಗೆ ಇಬ್ಬರಂತೆ ಸರದಿ ಮಾಡಿಕೊಂಡು ಹೋಗಬಹುದಲ್ಲ. "ಸಾಹೇಬ್ರ, ಆಫೀಸಿನಾಗ ಕುಂತ್ರ ಗಟಾರ ಕಾಣೂದಿಲ್ಲ, ನಮ್ಮ ಓಣಿಗೆ ಬರ್ರಿ" ಎಂದು ಮರ್ಯಾದೆಯಿಂದಲೇ ಕರೆಯಿರಿ.

ಸಹಿಯ ಬಗ್ಗೆ ಒಂದು ಮಾತು

ಹಿಂದೆ ನೀವು ಹೆಬ್ಬೆಟ್ಟು ಒತ್ತುತ್ತಿದ್ದಿರಿ. ಈಗ ಸಹಿ ಮಾಡುತ್ತೀರಿ. ಬಹಳ ಸಂತೋಷ. ಆದರೆ ಓದದೆ ಮಾಡಿದ ಸಹಿಗೂ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ?

ಕೆಲವು ಊರುಗಳಲ್ಲಿ ಹೀಗೆ ಆಗುತ್ತದೆ. ಸಭೆ ನಡೆಯುವುದೇ ಇಲ್ಲ. ಒಬ್ಬರು ಪುಸ್ತಕ ಹಿಡಿದು ಮನೆ ಮನೆಗೆ ಬರುತ್ತಾರೆ. "ಹಾಜರಿಗೆ ಒಂದು ಸಹಿ ಮಾಡಬೇ ಯಕ್ಕಾ" ಎನ್ನುತ್ತಾರೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಸಹಿ ಮಾಡುತ್ತಾಳೆ. ಮೇಲಿನ ಖಾಲಿ ಜಾಗದಲ್ಲಿ ಆಮೇಲೆ ಏನು ಬೇಕಾದರೂ ಬರೆಯಬಹುದು. ಗಟಾರದ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸಲು ಸಭೆ ಒಪ್ಪಿದೆ ಎಂದೂ ಬರೆಯಬಹುದು. ನಾಳೆ ನೀವು ಕೇಳಲು ಹೋದರೆ, "ನೀನ ಸಹಿ ಮಾಡೀಯಲ್ಲವ್ವಾ" ಎಂದು ನಿಮ್ಮ ಅಕ್ಷರವನ್ನೇ ನಿಮಗೆ ತೋರಿಸುತ್ತಾರೆ.

ಖಾಲಿ ಹಾಳೆಗೆ ಸಹಿ ಮಾಡಬೇಡಿರಿ. ಮನೆಯಲ್ಲಿ ಕುಳಿತು ಸಭೆಯ ಹಾಜರಿ ಹಾಕಬೇಡಿರಿ. ಸಭೆಗೆ ಹೋದಾಗ ಬರೆದದ್ದನ್ನು ಓದಿಸಿ ಕೇಳಿರಿ, ಕೆಳಗೆ ಗೆರೆ ಎಳೆಸಿ, ಗೆರೆಯ ಕೆಳಗೆ ಸಹಿ ಮಾಡಿರಿ.

ಪಂಚಾಯತಿಯ ಸದಸ್ಯೆಯರಾದ ಅಕ್ಕಂದಿರಿಗೆ ಇದು ಇನ್ನೂ ಹೆಚ್ಚು. ಸದಸ್ಯರ ಸಭೆಯ ಠರಾವಿನ ಕೆಳಗೆ ಇರುವ ಸಹಿ ನಿಮ್ಮದು, ಯಜಮಾನರದಲ್ಲ. ಲೆಕ್ಕದಲ್ಲಿ ತಪ್ಪು ಸಿಕ್ಕರೆ ನೋಟೀಸು ಬರುವುದೂ ನಿಮ್ಮ ಹೆಸರಿಗೇ. "ಮನಿಯವರನ್ನ ಕೇಳಿ ಹೇಳತೇನಿ" ಎಂಬ ಉತ್ತರ ಆಗ ಉಪಯೋಗಕ್ಕೆ ಬರುವುದಿಲ್ಲ.

ಬಾಯಿಂದ ಕೇಳಿದರೆ ಉತ್ತರ ಬರದಿದ್ದಾಗ

ಮೊದಲು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿರಿ. ನಂತರ ಪಂಚಾಯತಿ ಅಭಿವೃದ್ಧಿ ಅಧಿಕಾರಿಯನ್ನು ಕೇಳಿರಿ. ಇವರಿಗೆ ಪಿ.ಡಿ.ಓ. ಎನ್ನುತ್ತಾರೆ. ಒಬ್ಬರೇ ಹೋಗುವುದಕ್ಕಿಂತ ಸ್ವಸಹಾಯ ಸಂಘದ ನಾಲ್ಕು ಮಂದಿ ಕೂಡಿ ಹೋಗುವುದು ಒಳ್ಳೆಯದು. ಅವರ ಮೇಲೆ ನರಗುಂದದಲ್ಲಿ ತಾಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿ ಇದ್ದಾರೆ. ಗದಗದಲ್ಲಿ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಇದ್ದಾರೆ. ಚುನಾವಣೆ ತಡವಾಗಿ ಸದಸ್ಯರು ಇಲ್ಲದ ಕಾಲವೂ ಬರುತ್ತದೆ. 2020ರಲ್ಲಿ ಹಾಗೆ ಆಗಿ ಪಂಚಾಯತಿಗಳಿಗೆ ಆಡಳಿತಾಧಿಕಾರಿಗಳು ಬಂದಿದ್ದರು. ಆಗಲೂ ಪುಸ್ತಕಗಳು ಅಲ್ಲೇ ಇರುತ್ತವೆ. ಕುರ್ಚಿಯಲ್ಲಿ ಯಾರು ಕುಳಿತಿರುತ್ತಾರೋ ಅವರನ್ನೇ ಕೇಳಬೇಕು.

ಎಲ್ಲರೂ "ನಾಳೆ ಬಾ" ಎಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. ಶುಲ್ಕ 10 ರೂಪಾಯಿ. ಬಡತನ ರೇಖೆಯ ಕೆಳಗಿನ ಕುಟುಂಬದವರಿಗೆ ಅರ್ಜಿ ಶುಲ್ಕ ಇಲ್ಲ, ಕಾರ್ಡಿನ ನಕಲು ಹಚ್ಚಿದರೆ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಶಬ್ದ ಮೀರಬಾರದು. ಇದು ನಮಗೆ ಅನುಕೂಲವೇ. ಉದ್ದ ಬರೆಯುವ ತ್ರಾಸ ಇಲ್ಲ. ಬರೆಯಲು ಆಗದವರು ಬಾಯಿಂದ ಹೇಳಿದರೆ, ಅದನ್ನು ಬರೆದುಕೊಳ್ಳಲು ಅಧಿಕಾರಿಯೇ ನೆರವು ಕೊಡಬೇಕು ಎಂದು ಕಾಯ್ದೆಯಲ್ಲಿದೆ. ನೆರೆಮನೆಯ ಅಜ್ಜಿಗೂ ಇದನ್ನು ತಿಳಿಸಿರಿ.

‘ಯಾಕೆ ಮಾಡಲಿಲ್ಲ?’ ಎಂದು ಅರ್ಜಿಯಲ್ಲಿ ಬರೆಯಬೇಡಿರಿ. ಅದಕ್ಕೆ ಸುಲಭವಾಗಿ ಜಾರಿಕೊಳ್ಳುತ್ತಾರೆ. ಕಾಗದದ ಹೆಸರು ಹಿಡಿದು ಕೇಳಿರಿ. ಕೆಳಗಿನ ಅರ್ಜಿಯನ್ನು ಓದಿರಿ. ನಂತರ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಖಾಲಿ ಜಾಗ ನೀವೇ ತುಂಬಿರಿ.

ಇವರಿಗೆ,
ಸಾರ್ವಜನಿಕ ಮಾಹಿತಿ ಅಧಿಕಾರಿಗಳು,
ಗ್ರಾಮ ಪಂಚಾಯತಿ ಕಾರ್ಯಾಲಯ, ................

ಮಾನ್ಯರೇ,
ವಿಷಯ: ಮಾಹಿತಿ ಹಕ್ಕು ಕಾಯ್ದೆ 2005ರಂತೆ ಮಾಹಿತಿ ಕೊಡುವ ಬಗ್ಗೆ.

ನಮ್ಮ ಪಂಚಾಯತಿಯ ............ ನೇ ಸಾಲಿನ ಬಜೆಟ್ಟಿನಲ್ಲಿ ............ ಓಣಿಯ ಗಟಾರಕ್ಕೆ ಹಣ ತೆಗೆದಿಟ್ಟಿದೆ. ಈ ಕಾಮಗಾರಿಗೆ ಸಂಬಂಧಿಸಿದ ಠರಾವು, ಕ್ರಿಯಾ ಯೋಜನೆಯ ಪುಟ, ಎಸ್ಟಿಮೇಟ್, ಅಳತೆ ಪುಸ್ತಕದ ಪುಟ ಮತ್ತು ಪಾವತಿ ಮಾಡಿದ ಬಿಲ್ಲುಗಳ ನಕಲು ಕೊಡಬೇಕು. ಹಣವನ್ನು ಬೇರೆ ಕೆಲಸಕ್ಕೆ ಬಳಸಿದ್ದರೆ, ಅದಕ್ಕೆ ಒಪ್ಪಿಗೆ ಕೊಟ್ಟ ಠರಾವಿನ ನಕಲು ಕೊಡಬೇಕು.

ತಾರೀಖು: ................
ಹೆಸರು, ವಿಳಾಸ: ................
ಸಹಿ: ................

ಅರ್ಜಿಯನ್ನು ಎರಡು ಪ್ರತಿ ಮಾಡಿರಿ. ಒಂದನ್ನು ಕಚೇರಿಗೆ ಕೊಡಿರಿ. ಇನ್ನೊಂದರ ಮೇಲೆ ‘ಮುಟ್ಟಿದೆ’ ಎಂದು ಸಹಿ, ಮೊಹರು, ತಾರೀಖು ಹಾಕಿಸಿಕೊಂಡು ಕರದ ಪಾವತಿ ಇಡುವ ಡಬ್ಬಿಯಲ್ಲಿಯೇ ಇಡಿರಿ. ಅರ್ಜಿ ಕೊಟ್ಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. 30 ದಿನದ ಒಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದ ಒಳಗೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಕೊಡಬಹುದು. ಅಲ್ಲಿಯೂ ಆಗದಿದ್ದರೆ 90 ದಿನದ ಒಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಬರೆಯಬಹುದು. ಉತ್ತರ ಬಂದ ದಿನ ಲಕೋಟೆಯನ್ನು ಒಬ್ಬರೇ ಒಡೆಯದೆ ಕೇಂದ್ರಕ್ಕೆ ತನ್ನಿರಿ. ಎಲ್ಲರೂ ಕೂಡಿ ಗಟ್ಟಿಯಾಗಿ ಓದೋಣ. ಬರುವಾಗ ಹಗ್ಗವನ್ನೂ ತನ್ನಿರಿ.